ಗೇಮಿಂಗ್ ಗೀಳು: ಮೆದುಳಿನ ಸ್ಕ್ಯಾನ್‌ನಲ್ಲಿ ಕಾಣುವುದೆಷ್ಟು, ಕಾಣದಿರುವುದೆಷ್ಟು?

ಗೇಮಿಂಗ್ ಗೀಳು ಹತ್ತಿದ ಹದಿಹರೆಯದವರ ಮೆದುಳಿನಲ್ಲಿ ‘ಸಂಪರ್ಕ ದುರ್ಬಲವಾಗಿದೆ’ ಎಂಬ ಸುದ್ದಿ ಆಗಾಗ ಓಡಾಡುತ್ತಲೇ ಇರುತ್ತದೆ. ಜೊತೆಗೊಂದು ಚಿತ್ರವೂ ಇರುತ್ತದೆ: ಬೂದು ಬಣ್ಣದ ಮೆದುಳಿನ ಮೇಲೆ ಕೆಂಪು, ನೀಲಿ ಚುಕ್ಕೆಗಳು, ಅವನ್ನು ಜೋಡಿಸುವ ಗೆರೆಗಳು. ಅದನ್ನು ನೋಡಿದ ತಂದೆ ತಾಯಿಗೆ ಮಗುವಿನ ತಲೆಯೊಳಗೆ ಏನೋ ಕಡಿದುಹೋಗಿದೆ ಅನಿಸಿದರೆ ಅವರ ತಪ್ಪೇನಿಲ್ಲ, ಚಿತ್ರ ಬರೆದಿರುವುದೇ ಹಾಗೆ. ಆದರೆ ಆ ಗೆರೆಗಳು ನರತಂತುಗಳಲ್ಲ, ಲೆಕ್ಕ ಹಾಕಿ ತೆಗೆದ ಸಂಖ್ಯೆಗಳು. ಆ ಸಂಖ್ಯೆ ಹುಟ್ಟುವುದು ಹೇಗೆಂದು ಗೊತ್ತಾದರೆ ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದೂ ಗೊತ್ತಾಗುತ್ತದೆ.

ಅದಕ್ಕೂ ಮೊದಲು, ಗೀಳು ಎಂದು ಯಾವುದನ್ನು ಕರೆಯಬೇಕು? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಜೂಜಿನ ಚಟದ ಪಕ್ಕದಲ್ಲೇ ಕೂತಿದೆ. ಆಟ ಯಾವಾಗ ಶುರು ಮಾಡಬೇಕು, ಎಷ್ಟು ಹೊತ್ತು ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದರ ಮೇಲಿನ ಹಿಡಿತ ತಪ್ಪಿರಬೇಕು. ಓದು, ಗೆಳೆಯರು, ದಿನನಿತ್ಯದ ಕೆಲಸ ಎಲ್ಲವನ್ನೂ ಹಿಂದಿಕ್ಕಿ ಆಟವೇ ಮುಂದೆ ಬಂದಿರಬೇಕು. ಅದರಿಂದ ಕೆಡುಕಾಗುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಆಟ ಮುಂದುವರಿಯುತ್ತಿರಬೇಕು. ಇವು ಮೂರೂ ಸಾಮಾನ್ಯವಾಗಿ 12 ತಿಂಗಳು ಕಂಡುಬಂದಿರಬೇಕು, ಬದುಕಿಗೆ ದೊಡ್ಡ ಪೆಟ್ಟೂ ಬಿದ್ದಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು 2013ರಲ್ಲಿ ‘ಇನ್ನೂ ಅಧ್ಯಯನ ಬೇಕು’ ಎಂಬ ಪಟ್ಟಿಗೆ ಸೇರಿಸಿ, ಒಂಬತ್ತು ಮಾನದಂಡಗಳಲ್ಲಿ ಐದಾದರೂ ಹೊಂದಬೇಕು ಎಂದಿತು. ಎರಡರ ಮಾನದಂಡಗಳಲ್ಲೂ ಗಂಟೆಗಳ ಮಿತಿ ಇಲ್ಲ. ದಿನಾ ಮೂರು ಗಂಟೆ ಆಡಿ, ಹೇಳಿದ ಹೊತ್ತಿಗೆ ಎದ್ದು, ನಿದ್ದೆ ಓದು ಎರಡನ್ನೂ ಸರಿಯಾಗಿ ನಡೆಸಿಕೊಂಡು ಹೋಗುವ ಹುಡುಗನಿಗೆ ಗೀಳಿಲ್ಲ. ಬೇರೆ ಬೇರೆ ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯೊಂದರಲ್ಲಿ ಗೀಳಿನ ಪ್ರಮಾಣ ಶೇ 3ರಷ್ಟು ಬಂದಿತ್ತು. ಜನರನ್ನು ಕಟ್ಟುನಿಟ್ಟಾಗಿ ಆಯ್ದ ಸಮೀಕ್ಷೆಗಳನ್ನಷ್ಟೇ ತೆಗೆದುಕೊಂಡಾಗ ಅದು ಶೇ 2ರ ಹತ್ತಿರಕ್ಕೆ ಇಳಿಯಿತು.

ಸಂಪರ್ಕವನ್ನು ಅಳೆಯುವುದು ಹೇಗೆ

ಈ ಅಧ್ಯಯನಗಳಲ್ಲಿ ಬಳಸುವ ಎಫ್‌ಎಂಆರ್‌ಐ ಯಂತ್ರಕ್ಕೆ ನರಕೋಶಗಳ ಚಟುವಟಿಕೆ ನೇರವಾಗಿ ಕಾಣುವುದಿಲ್ಲ. ಮೆದುಳಿನ ಒಂದು ಭಾಗ ಕೆಲಸ ಮಾಡಿದಾಗ ಕೆಲವು ಸೆಕೆಂಡುಗಳ ನಂತರ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚಾಗಿ ಹರಿದುಬರುತ್ತದೆ. ಆಮ್ಲಜನಕ ಇರುವ ಹಿಮೋಗ್ಲೋಬಿನ್ ಮತ್ತು ಇಲ್ಲದ ಹಿಮೋಗ್ಲೋಬಿನ್ ಕಾಂತಕ್ಷೇತ್ರದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ತೋರಿಸಿಕೊಟ್ಟ ಈ ವ್ಯತ್ಯಾಸವನ್ನೇ ಯಂತ್ರ ಹಿಡಿಯುತ್ತದೆ. ಐದು ವರ್ಷಗಳ ನಂತರ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಗಮನಿಸಿದರು. ಏನೂ ಮಾಡದೆ ಸುಮ್ಮನೆ ಮಲಗಿದವರಲ್ಲೂ ಎಡ ಮತ್ತು ಬಲ ಭಾಗದ ಚಲನಾ ಕೇಂದ್ರಗಳ ಸಂಕೇತ ಒಟ್ಟೊಟ್ಟಿಗೆ ಏರಿಳಿಯುತ್ತಿತ್ತು. ಇಂದು ‘ಕ್ರಿಯಾತ್ಮಕ ಸಂಪರ್ಕ’ ಎಂದು ಕರೆಯುವುದು ಇದನ್ನೇ.

ಲೆಕ್ಕ ಹೀಗೆ ನಡೆಯುತ್ತದೆ. ಹುಡುಗನನ್ನು ಯಂತ್ರದೊಳಗೆ ಮಲಗಿಸಿ, ಒಂದು ಗುರುತನ್ನು ನೋಡುತ್ತಿರು, ನಿದ್ದೆ ಮಾಡಬೇಡ ಎಂದು ಹೇಳಲಾಗುತ್ತದೆ. ಎಂಟು ನಿಮಿಷ, ಎರಡು ಸೆಕೆಂಡಿಗೊಂದರಂತೆ 240 ಚಿತ್ರಗಳು. ಪ್ರತಿ ಚಿತ್ರದಲ್ಲೂ ಮೆದುಳು ಸುಮಾರು 3 ಮಿಲಿಮೀಟರ್ ಬದಿಯ ಘನಗಳಾಗಿ ಕಾಣುತ್ತದೆ, ಒಂದೊಂದು ಘನದಲ್ಲೂ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಈ ಘನಗಳನ್ನು ಗುಂಪು ಮಾಡಿ ಮೆದುಳನ್ನು 90 ಪ್ರದೇಶಗಳಾಗಿ ವಿಂಗಡಿಸಿದರೆ, ಪ್ರತಿ ಪ್ರದೇಶಕ್ಕೂ 240 ಬಿಂದುಗಳ ಒಂದು ಏರಿಳಿತದ ಗೆರೆ ಸಿಗುತ್ತದೆ. ಎರಡು ಪ್ರದೇಶಗಳ ಗೆರೆಗಳು ಎಷ್ಟು ಜೊತೆಯಾಗಿ ಸಾಗುತ್ತವೆ ಎಂಬುದನ್ನು ಮೈನಸ್ 1ರಿಂದ ಪ್ಲಸ್ 1ರವರೆಗಿನ ಒಂದು ಸಂಖ್ಯೆಯಲ್ಲಿ ಹೇಳಬಹುದು. ಪತ್ರಿಕೆಯವರು ‘ಸಂಪರ್ಕ’ ಎನ್ನುವುದು ಈ ಸಂಖ್ಯೆಗೆ.

ಎರಡು ಮನೆಗಳ ದೀಪ ದಿನಾ ಒಂದೇ ಹೊತ್ತಿಗೆ ಹತ್ತಿ ಆರುತ್ತಿದ್ದರೆ ಅವುಗಳ ನಡುವೆ ತಂತಿ ಇದೆ ಎನ್ನಲಾಗದು, ಎರಡೂ ಮನೆಯವರು ಒಂದೇ ಹೊತ್ತಿಗೆ ಏಳುವವರಿರಬಹುದು. ಕ್ರಿಯಾತ್ಮಕ ಸಂಪರ್ಕದ್ದೂ ಇದೇ ಕಥೆ. ನಿಜವಾದ ನರತಂತುಗಳ ಕಟ್ಟುಗಳನ್ನು ಅಂದಾಜು ಮಾಡಲು ನೀರಿನ ಅಣುಗಳ ಚಲನೆಯನ್ನು ಅಳೆಯುವ ಡಿಟಿಐ ಎಂಬ ಬೇರೆಯೇ ವಿಧಾನ ಇದೆ. ಸುದ್ದಿಯಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ.

ಕಂಡದ್ದೇನು

ಗೇಮಿಂಗ್ ಗೀಳಿನ ಅಧ್ಯಯನಗಳು ಹೆಚ್ಚಾಗಿ ಬಂದಿರುವುದು ಚೀನಾ, ದಕ್ಷಿಣ ಕೊರಿಯಾ ಮತ್ತು ತೈವಾನ್‌ನಿಂದ. ಅವುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರುಗಳು ಎರಡು. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಒಂದು: ಗುರಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಶುರುವಾದ ಕ್ರಿಯೆಯನ್ನು ತಡೆಯುವುದು ಇದರ ಕೆಲಸಗಳಲ್ಲಿ ಮುಖ್ಯವಾದವು. ಮೆದುಳಿನ ಆಳದಲ್ಲಿರುವ ಸ್ಟ್ರೈಟಮ್ ಇನ್ನೊಂದು. ಇದರ ಕೆಳಭಾಗ ಸಿಗಲಿರುವ ಲಾಭವನ್ನು ಅಂದಾಜು ಮಾಡುತ್ತದೆ, ಮೇಲ್ಭಾಗದ ಕಾಡೇಟ್ ಮತ್ತು ಪುಟಾಮೆನ್‌ಗಳು ಅಭ್ಯಾಸ ಬೇರೂರುವುದರಲ್ಲಿ ಪಾಲ್ಗೊಳ್ಳುತ್ತವೆ. 1998ರಲ್ಲೇ ಲಂಡನ್‌ನ ಸಂಶೋಧಕರು ಎಂಟು ಗಂಡಸರಿಗೆ ವಿಡಿಯೊ ಗೇಮ್ ಆಡಿಸಿ, ಆಟದ ಹೊತ್ತಿನಲ್ಲಿ ಸ್ಟ್ರೈಟಮ್‌ನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದನ್ನು ಪೆಟ್ ಸ್ಕ್ಯಾನ್‌ನಲ್ಲಿ ತೋರಿಸಿದ್ದರು. ಅವರಾರೂ ಗೀಳು ಹತ್ತಿದವರಲ್ಲ ಎಂಬುದನ್ನು ನೆನಪಿಡಬೇಕು. ಡೋಪಮೈನ್ ಬಿಡುಗಡೆಯಾಯಿತು ಎಂದಮಾತ್ರಕ್ಕೆ ಚಟ ಹತ್ತಿತು ಎಂದಲ್ಲ.

ಇಂಟರ್ನೆಟ್ ಗೀಳಿನ 12 ಹದಿಹರೆಯದವರನ್ನು 11 ಆರೋಗ್ಯವಂತರ ಜೊತೆ ಹೋಲಿಸಿದ 2013ರ ಅಧ್ಯಯನವೊಂದರಲ್ಲಿ ಕಾರ್ಟೆಕ್ಸ್ (ಮೆದುಳಿನ ಹೊರಪದರ) ಮತ್ತು ಆಳದ ಭಾಗಗಳ ನಡುವಿನ ಸಂಪರ್ಕ ಕಡಿಮೆ ಇತ್ತು, ಅದರಲ್ಲೂ ಪುಟಾಮೆನ್ ಹೆಚ್ಚಾಗಿ ಕಾಣಿಸಿಕೊಂಡಿತು. ನಂತರದ ಕೆಲವು ಅಧ್ಯಯನಗಳು ಸಂಪರ್ಕದ ಈ ವ್ಯತ್ಯಾಸವನ್ನು ಸ್ಟ್ರೂಪ್ ಪರೀಕ್ಷೆಯ (ನೀಲಿ ಶಾಯಿಯಲ್ಲಿ ‘ಕೆಂಪು’ ಎಂದು ಬರೆದಿದ್ದರೆ ಪದವನ್ನು ಓದದೆ ಶಾಯಿಯ ಬಣ್ಣ ಹೇಳಬೇಕಾದ ಪರೀಕ್ಷೆ) ತಪ್ಪುಗಳಿಗೆ ತಾಳೆ ಹಾಕಿವೆ. ಹಂಬಲವನ್ನು ದೇಹದ ಅನುಭವವಾಗಿಸುವ ಇನ್ಸುಲಾ, ಎರಡು ಪ್ರತಿಕ್ರಿಯೆಗಳು ಪರಸ್ಪರ ಎದುರಾದಾಗ ಎಚ್ಚರಿಸುವ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಕೂಡ ಪಟ್ಟಿಯಲ್ಲಿವೆ. ಜೂಜು, ಮದ್ಯ, ತಂಬಾಕಿನ ಚಟದಲ್ಲೂ ಇವೇ ಹೆಸರುಗಳು ಬರುತ್ತವೆ. ಹಾಗಾಗಿ ಒಟ್ಟು ಚಿತ್ರ ಅಸಂಬದ್ಧವಲ್ಲ. ಆದರೆ ಕೆಲವು ಅಧ್ಯಯನಗಳಲ್ಲಿ ಸಂಪರ್ಕ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು, ಅದು ಮಾತ್ರ ತಲೆಬರಹಕ್ಕೆ ಬರುವುದಿಲ್ಲ.

ಲೆಕ್ಕ ಎಲ್ಲಿ ತಪ್ಪುತ್ತದೆ

ಎಲ್ಲಕ್ಕಿಂತ ದೊಡ್ಡ ತೊಡಕು ತಲೆಯ ಅಲುಗಾಟ. ಯಂತ್ರದೊಳಗೆ ತಲೆ ಅರ್ಧ ಮಿಲಿಮೀಟರ್ ಸರಿದರೂ ಸಂಕೇತ ಕೆಡುತ್ತದೆ. ಕೆಡುವುದೂ ಅಡ್ಡಾದಿಡ್ಡಿಯಾಗಿ ಅಲ್ಲ, ಒಂದು ನಿರ್ದಿಷ್ಟ ದಿಕ್ಕಿನಲ್ಲಿ. ಅಲುಗಾಟದಿಂದ ಹತ್ತಿರದ ಪ್ರದೇಶಗಳ ನಡುವಿನ ಸಂಪರ್ಕ ಇದ್ದದ್ದಕ್ಕಿಂತ ಹೆಚ್ಚಾಗಿಯೂ ದೂರದ ಪ್ರದೇಶಗಳ ನಡುವಿನದು ಕಡಿಮೆಯಾಗಿಯೂ ಕಾಣುತ್ತದೆ ಎಂದು 2012ರಲ್ಲಿ ಮೂರು ತಂಡಗಳು ತೋರಿಸಿದವು. ಪ್ರಿಫ್ರಂಟಲ್‌ನಿಂದ ಸ್ಟ್ರೈಟಮ್‌ಗಿರುವುದು ದೂರದ ದಾರಿ. ಈಗ ಯೋಚಿಸಿ: ಎಂಟು ನಿಮಿಷ ಅಲುಗಾಡದೆ ಮಲಗಲು ಯಾರಿಗೆ ಹೆಚ್ಚು ಕಷ್ಟ? ಚಿಕ್ಕ ವಯಸ್ಸಿನವರಿಗೆ, ದುಡುಕು ಸ್ವಭಾವದವರಿಗೆ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ) ಇರುವವರಿಗೆ. ಸ್ವನಿಯಂತ್ರಣ ಕಡಿಮೆ ಇರುವ ಹುಡುಗ ಹೆಚ್ಚು ಅಲುಗಾಡುತ್ತಾನೆ, ಅಲುಗಾಟದಿಂದ ದೂರದ ಸಂಪರ್ಕ ದುರ್ಬಲವಾಗಿ ಕಾಣುತ್ತದೆ, ಕೊನೆಗೆ ‘ಸಂಪರ್ಕ ದುರ್ಬಲವಾದದ್ದರಿಂದ ಸ್ವನಿಯಂತ್ರಣ ಕಡಿಮೆ’ ಎಂಬ ತೀರ್ಮಾನ ಹೊರಬರುತ್ತದೆ. ವಯಸ್ಸಿನೊಂದಿಗೆ ಮೆದುಳಿನ ಸಂಪರ್ಕ ಹತ್ತಿರದಿಂದ ದೂರಕ್ಕೆ ಹರಡುತ್ತದೆ ಎಂಬ ಬಹುಚರ್ಚಿತ ಫಲಿತಾಂಶದ ಒಂದು ಪಾಲು ಕೂಡ ಈ ಅಲುಗಾಟದ್ದೇ ಎಂದು ಆಮೇಲೆ ಒಪ್ಪಬೇಕಾಯಿತು. ಈಗಿನ ಒಳ್ಳೆಯ ಅಧ್ಯಯನಗಳಲ್ಲಿ ಒಂದು ಚಿತ್ರದಿಂದ ಮುಂದಿನದಕ್ಕೆ ತಲೆ 0.2 ಅಥವಾ 0.5 ಮಿಲಿಮೀಟರ್‌ಗಿಂತ ಹೆಚ್ಚು ಸರಿದಿದ್ದರೆ ಆ ಚಿತ್ರವನ್ನು ಕೈಬಿಡುತ್ತಾರೆ. ಸಂಶೋಧನಾ ಲೇಖನದಲ್ಲಿ ಈ ಸಂಖ್ಯೆಯೂ ಎರಡು ಗುಂಪುಗಳ ಸರಾಸರಿ ಅಲುಗಾಟವೂ ಇಲ್ಲದಿದ್ದರೆ ಅದರ ಫಲಿತಾಂಶವನ್ನು ಪಕ್ಕಕ್ಕಿಡುವುದೇ ಲೇಸು.

ಎರಡನೆಯದು ನಿದ್ದೆ. ಸುಮ್ಮನೆ ಮಲಗಿಸಿ ಮಾಡುವ ಸ್ಕ್ಯಾನ್‌ನಲ್ಲಿ ಮೂರು ನಿಮಿಷ ಕಳೆಯುವಷ್ಟರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಎಚ್ಚರದ ಸ್ಥಿತಿಯಿಂದ ಜಾರುತ್ತಾರೆ ಎಂದು 2014ರ ಅಧ್ಯಯನವೊಂದು ತೋರಿಸಿತು. ತೂಕಡಿಸುವ ಮೆದುಳಿನ ಸಂಪರ್ಕದ ಮಾದರಿಯೇ ಬೇರೆ. ರಾತ್ರಿ ಎರಡರವರೆಗೆ ಆಡಿದವನೂ ಹತ್ತಕ್ಕೇ ಮಲಗಿದವನೂ ಮರುದಿನ ಅದೇ ಯಂತ್ರದೊಳಗೆ ಮಲಗಿದರೆ, ನಾವು ಅಳೆದದ್ದು ಗೀಳನ್ನೋ ನಿದ್ದೆಗೇಡನ್ನೋ?

ಆಮೇಲೆ ಲೆಕ್ಕದ ಗಾತ್ರ. 90 ಪ್ರದೇಶಗಳೆಂದರೆ 4,005 ಜೋಡಿಗಳು. ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಶೇ 5ರ ಮಿತಿಯಲ್ಲಿ (ಇಲ್ಲದ ವ್ಯತ್ಯಾಸ ನೂರರಲ್ಲಿ ಐದು ಸಲ ಕಂಡರೂ ಸರಿ ಎಂದು) ಪರೀಕ್ಷಿಸಿದರೆ ಸುಮಾರು 200 ಜೋಡಿಗಳು ಬರಿಯ ಆಕಸ್ಮಿಕದಿಂದಲೇ ‘ಮಹತ್ವದ ವ್ಯತ್ಯಾಸ’ ಎಂದು ಹೊರಬೀಳುತ್ತವೆ. ಇದಕ್ಕೆ ತಿದ್ದುಪಡಿ ಮಾಡುವ ವಿಧಾನಗಳಿವೆ, ಎಲ್ಲರೂ ಬಿಗಿಯಾಗಿ ಮಾಡುವುದಿಲ್ಲ. ಗುಂಪಿನಲ್ಲಿ ಹನ್ನೆರಡೋ ಇಪ್ಪತ್ತೋ ಜನರಿದ್ದರೆ ಸಮಸ್ಯೆ ಇನ್ನೂ ಬಿಗಡಾಯಿಸುತ್ತದೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು, ಮೆದುಳಿನ ಇಂಥ ಅಳತೆಗಳನ್ನು ವ್ಯಕ್ತಿಗಳ ಗುಣಕ್ಕೋ ಸಾಮರ್ಥ್ಯಕ್ಕೋ ವಿಶ್ವಾಸದಿಂದ ಹೊಂದಿಸಲು ಸಾವಿರಾರು ಜನ ಬೇಕು, ಸಣ್ಣ ಗುಂಪುಗಳಲ್ಲಿ ಕಾಣುವ ದೊಡ್ಡ ಸಂಬಂಧಗಳು ಬಹುತೇಕ ಉಬ್ಬಿದವು ಎಂದು ಹೇಳಿತು. ಒಬ್ಬನೇ ವ್ಯಕ್ತಿಯನ್ನು ಎರಡು ಸಲ ಸ್ಕ್ಯಾನ್ ಮಾಡಿದರೂ ಒಂದೊಂದು ಜೋಡಿಯ ಸಂಖ್ಯೆ ಅಷ್ಟಾಗಿ ತಾಳೆಯಾಗುವುದಿಲ್ಲ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ವಿಶ್ವಾಸಾರ್ಹತೆ ಸರಾಸರಿ 0.29 ಬಂತು; 1 ಎಂದರೆ ಪೂರ್ತಿ ತಾಳೆ. ಗುಂಪಿನ ಸರಾಸರಿ ಹೋಲಿಸಲು ಇದು ಹೇಗೋ ಸಾಕಾದೀತು. ಒಬ್ಬ ಹುಡುಗನ ಸ್ಕ್ಯಾನ್ ಹಿಡಿದು ‘ನೋಡಿ, ಇವನಿಗೆ ಗೀಳಿದೆ’ ಎನ್ನಲು ಏನೇನೂ ಸಾಲದು. ಹಾಗೆ ಹೇಳಿ ಹಣ ಕೇಳುವವರಿಂದ ದೂರವಿರಿ.

ಸ್ವನಿಯಂತ್ರಣದ ಅಳತೆಯೂ ಸಡಿಲ

ಮೆದುಳಿನ ಕಡೆಯ ತೊಡಕನ್ನು ತಜ್ಞರಾದರೂ ಚರ್ಚಿಸುತ್ತಾರೆ. ಇನ್ನೊಂದು ತಕ್ಕಡಿಯಲ್ಲಿರುವ ‘ಸ್ವನಿಯಂತ್ರಣ’ವನ್ನು ಅಳೆಯುವುದು ಹೇಗೆ ಎಂದು ಕೇಳುವವರು ಕಡಿಮೆ. ಸ್ಟಾಪ್-ಸಿಗ್ನಲ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ಬಾಣ ಬರುತ್ತದೆ, ಎಡಕ್ಕಿದ್ದರೆ ಎಡ ಗುಂಡಿ, ಬಲಕ್ಕಿದ್ದರೆ ಬಲ ಗುಂಡಿ ಒತ್ತಬೇಕು. ಸುಮಾರು ನಾಲ್ಕರಲ್ಲಿ ಒಂದು ಸಲ ಬಾಣ ಬಂದ ಸ್ವಲ್ಪ ಹೊತ್ತಿಗೆ ‘ಬೀಪ್’ ಎನ್ನುತ್ತದೆ, ಆಗ ಒತ್ತಬಾರದು. ತಡೆದರೆ ಮುಂದಿನ ಸಲ ಬೀಪ್ 50 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಕೆಲಸ ಕಷ್ಟವಾಗುತ್ತದೆ. ತಡೆಯಲಾಗದಿದ್ದರೆ 50 ಮಿಲಿಸೆಕೆಂಡ್ ಬೇಗ ಬರುತ್ತದೆ. ಹೀಗೆ ಅರ್ಧದಷ್ಟು ಸಲ ತಡೆಯುವ, ಅರ್ಧದಷ್ಟು ಸಲ ಸೋಲುವ ಬಿಂದುವಿಗೆ ತಂದು ನಿಲ್ಲಿಸಿ, ಕೈಯನ್ನು ತಡೆಯಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುತ್ತಾರೆ. ಯುವಕರಲ್ಲಿ ಅದು ಹೆಚ್ಚುಕಡಿಮೆ ಕಾಲು ಸೆಕೆಂಡು.

ಕಾಲು ಸೆಕೆಂಡಿನ ಈ ತಡೆ ಮತ್ತು ನಡುರಾತ್ರಿಯಲ್ಲಿ ‘ಇನ್ನೊಂದೇ ಮ್ಯಾಚ್’ ಎಂಬುದನ್ನು ತಡೆಯುವುದು, ಎರಡೂ ಒಂದೇ ಶಕ್ತಿಯೇ? ‘ನಾನು ಯೋಚಿಸದೆ ಕೆಲಸ ಮಾಡುತ್ತೇನೆ’ ಎಂಬಂಥ ಪ್ರಶ್ನಾವಳಿಯ ಉತ್ತರಕ್ಕೂ ಈ ಪರೀಕ್ಷೆಯ ಅಂಕಕ್ಕೂ ಸಂಬಂಧ ತೀರಾ ದುರ್ಬಲವೆಂದು ಪದೇ ಪದೇ ಕಂಡಿದೆ. ದಿನದಲ್ಲಿ ಗಂಟೆಗಟ್ಟಲೆ ಗುಂಡಿ ಒತ್ತುವವರಿಗೆ ಗುಂಡಿ ಒತ್ತುವ ಪರೀಕ್ಷೆ ಕೊಟ್ಟರೆ ಅಭ್ಯಾಸಬಲವೂ ಅಂಕದಲ್ಲಿ ಸೇರಿಕೊಳ್ಳುತ್ತದೆ. ಸಡಿಲವಾದ ಒಂದು ಅಳತೆಯನ್ನು ಸಡಿಲವಾದ ಇನ್ನೊಂದಕ್ಕೆ ಗಂಟು ಹಾಕಿದಾಗ ಬರುವ ಗೆರೆ ಎಷ್ಟೇ ಅಂದವಾಗಿದ್ದರೂ ಗಟ್ಟಿ ಇರುವುದಿಲ್ಲ.

ಯಾವುದು ಮೊದಲು

ಒಂದೇ ಸಲ ತೆಗೆದ ಸ್ಕ್ಯಾನ್‌ನಿಂದ ಗೀಳು ಮೊದಲೋ ಸಂಪರ್ಕದ ವ್ಯತ್ಯಾಸ ಮೊದಲೋ ಹೇಳಲಾಗದು. ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಸ್ವಲ್ಪ ಬೆಳಕು ಕೊಡುತ್ತವೆ. ಸಿಂಗಪುರದ 3,034 ಮಕ್ಕಳನ್ನು ಎರಡು ವರ್ಷ ಗಮನಿಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದುಡುಕು ಸ್ವಭಾವ ಹೆಚ್ಚಿರುವುದು, ಜನರೊಂದಿಗೆ ಬೆರೆಯುವ ಕಲೆ ಕಡಿಮೆ ಇರುವುದು ಮತ್ತು ಹೆಚ್ಚು ಹೊತ್ತು ಆಡುವುದು ಮುಂದೆ ಗೀಳಾಗುವ ಸೂಚನೆಗಳಾಗಿದ್ದವು. ಖಿನ್ನತೆ, ಆತಂಕ ಮತ್ತು ಅಂಕಗಳ ಕುಸಿತ ಗೀಳಿನ ನಂತರ ಬಂದವು. ಅಂದರೆ ದುಡುಕು ಸ್ವಭಾವದ ಒಂದು ಪಾಲಾದರೂ ಗೀಳಿಗಿಂತ ಮೊದಲೇ ಇತ್ತು. ಎಡಿಎಚ್‌ಡಿ ಇದ್ದು ಗೇಮ್ ಆಡುತ್ತಿದ್ದ 62 ಮಕ್ಕಳಿಗೆ ಕೊರಿಯಾದಲ್ಲಿ ಎಂಟು ವಾರ ಎಡಿಎಚ್‌ಡಿಯ ಔಷಧಿ ಮಿಥೈಲ್‌ಫೆನಿಡೇಟ್ ಕೊಟ್ಟಾಗ ಅವರ ಇಂಟರ್ನೆಟ್ ಗೀಳಿನ ಅಂಕವೂ ಇಳಿದಿತ್ತು. ಹೋಲಿಕೆಗೆ ಔಷಧಿ ಇಲ್ಲದ ಗುಂಪು ಇರಲಿಲ್ಲವಾದ್ದರಿಂದ ಇದನ್ನು ಪುರಾವೆ ಎನ್ನಲಾಗದು. ಆದರೂ ಗೀಳು ಎಂದು ಕರೆತಂದ ಹುಡುಗನಲ್ಲಿ ಎಡಿಎಚ್‌ಡಿ ಇದೆಯೇ ಎಂದು ನೋಡದೆ ಮುಂದೆ ಹೋಗುವುದು ತಪ್ಪು ಎನ್ನಲು ಇಷ್ಟು ಸಾಕು.

ಹದಿಹರೆಯದ ಮೆದುಳಿನ ಬಗ್ಗೆ ಖಚಿತವಾಗಿ ಹೇಳಬಹುದಾದ ಒಂದು ಮಾತಿದೆ. ಪ್ರಿಫ್ರಂಟಲ್ ಕಾರ್ಟೆಕ್ಸ್ ಕೊನೆಕೊನೆಗೆ ಬಲಿಯುವ ಭಾಗಗಳಲ್ಲಿ ಒಂದು, ಅದರ ಬೆಳವಣಿಗೆ ಇಪ್ಪತ್ತು ದಾಟಿದ ಮೇಲೂ ಮುಂದುವರಿಯುತ್ತದೆ. ಹಾಗೆಂದು ಹದಿನೈದರ ಹುಡುಗನಿಗೆ ಹಿಡಿತವೇ ಇಲ್ಲ ಎಂದಲ್ಲ. ಶಾಂತವಾಗಿದ್ದಾಗ, ಒಬ್ಬನೇ ಇದ್ದಾಗ ಅವನು ಹೆಚ್ಚುಕಡಿಮೆ ದೊಡ್ಡವರಷ್ಟೇ ಚೆನ್ನಾಗಿ ಯೋಚಿಸಬಲ್ಲ. ಸಂದರ್ಭ ಬದಲಾದಾಗ ಹಿಡಿತವೂ ಬದಲಾಗುತ್ತದೆ. 2011ರ ಪ್ರಯೋಗವೊಂದರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟಾಗ, ಗೆಳೆಯರು ನೋಡುತ್ತಿದ್ದಾರೆಂದು ತಿಳಿದ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು, ಅವರ ಸ್ಟ್ರೈಟಮ್‌ನ ಚಟುವಟಿಕೆಯೂ ಏರಿತು. ದೊಡ್ಡವರಲ್ಲಿ ಹಾಗಾಗಲಿಲ್ಲ. ಈಗಿನ ಆನ್‌ಲೈನ್ ಆಟಗಳಲ್ಲಿ ಗೆಳೆಯರು ಹೆಡ್‌ಸೆಟ್‌ನಲ್ಲೇ ಕೂತಿರುತ್ತಾರೆ. ಮ್ಯಾಚ್ ನಡುವೆ ಬಿಟ್ಟುಹೋದರೆ ರ್‍ಯಾಂಕ್ ಕಳೆಯುತ್ತದೆ, ತಂಡ ಬೈಯುತ್ತದೆ. ದಿನಾ ಲಾಗಿನ್ ಆದರಷ್ಟೇ ಬಹುಮಾನದ ಸರಣಿ ಉಳಿಯುತ್ತದೆ. ಒಳಗೇನಿದೆಯೆಂದು ತೆರೆಯುವವರೆಗೆ ತಿಳಿಯದ ಬಹುಮಾನದ ಪೆಟ್ಟಿಗೆ, ಅಂದರೆ ಲೂಟ್ ಬಾಕ್ಸ್‌ನಲ್ಲಿ ಒಳ್ಳೆಯದು ಯಾವಾಗ ಸಿಗುತ್ತದೆಂದು ಹೇಳಲಾಗದು, ಅದಕ್ಕೇ ಕೈ ಬಿಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಸ್ಕ್ಯಾನ್‌ಗಳ ಚರ್ಚೆಗಿಂತ ಈ ಸಂಗತಿಗೇ ಹೆಚ್ಚು ಬೆಲೆ. ಹುಡುಗನ ಮೆದುಳಿನ ಸಂಪರ್ಕವನ್ನು ನಾವು ತಿದ್ದಲಾರೆವು, ಆಟ ಅವನನ್ನು ಮುಟ್ಟುವ ಸಂದರ್ಭವನ್ನು ತಿದ್ದಬಹುದು.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ಎರಡು ವಾರ ಏನನ್ನೂ ಬದಲಿಸದೆ ಬರೆದಿಡುವುದು ಒಳ್ಳೆಯದು: ಎಷ್ಟಕ್ಕೆ ಶುರು, ಎಷ್ಟಕ್ಕೆ ನಿಲ್ಲಿಸಬೇಕೆಂದುಕೊಂಡದ್ದು, ನಿಜವಾಗಿ ನಿಲ್ಲಿಸಿದ್ದು, ಶುರು ಮಾಡುವ ಮುನ್ನ ಏನಾಗಿತ್ತು, ಎಷ್ಟಕ್ಕೆ ಮಲಗಿದ್ದು. ಒಟ್ಟು ಗಂಟೆಗಿಂತ, ನಿಲ್ಲಿಸಬೇಕೆಂದುಕೊಂಡ ಹೊತ್ತಿಗೂ ನಿಲ್ಲಿಸಿದ ಹೊತ್ತಿಗೂ ಇರುವ ಅಂತರವೇ ಮುಖ್ಯ. ಹಿಡಿತ ತಪ್ಪಿದೆಯೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಮನೆಯಲ್ಲಿ ಸಿಗದು. ದಿನಚರಿ ಹುಡುಗನೇ ಬರೆಯಬೇಕು. ತಂದೆ ತಾಯಿ ಬರೆದರೆ ಅದು ಪೊಲೀಸ್ ಡೈರಿಯಾಗುತ್ತದೆ.

ಆಮೇಲೆ ಕೈಹಾಕಬೇಕಾದದ್ದು ಆಟದ ಗಂಟೆಗಳಿಗಲ್ಲ, ನಿದ್ದೆಗೆ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡರಾತ್ರಿಯ ಕಡೆ ಸರಿಯುತ್ತದೆ, ಆಟ ಅದನ್ನು ಇನ್ನಷ್ಟು ತಳ್ಳುತ್ತದೆ. ನಿದ್ದೆಗೆಟ್ಟ ಮೆದುಳಿನಲ್ಲಿ ತಡೆಯುವ ಶಕ್ತಿಯೂ ಸಡಿಲಾಗುತ್ತದೆ. ಮಲಗುವ ಕೋಣೆಯಿಂದ ಫೋನ್, ಕನ್ಸೋಲ್ ಹೊರಗೆ ಬರಬೇಕು, ಚಾರ್ಜರ್ ಹಜಾರದಲ್ಲಿರಬೇಕು. ದೊಡ್ಡವರ ಫೋನುಗಳೂ ಅಲ್ಲೇ ಇದ್ದರೆ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಏಳುವ ಹೊತ್ತನ್ನು ರಜೆಯಲ್ಲೂ ಒಂದು ಗಂಟೆಗಿಂತ ಹೆಚ್ಚು ಬದಲಿಸಬಾರದು.

ನಿಲ್ಲಿಸುವ ನಿಯಮವನ್ನು ಗಡಿಯಾರಕ್ಕೆ ಕಟ್ಟಿದರೆ ಅದು ಮುರಿಯುತ್ತದೆ, ಏಕೆಂದರೆ ಒಂಬತ್ತು ಗಂಟೆ ಯಾವಾಗಲೂ ಮ್ಯಾಚ್‌ನ ನಡುವೆಯೇ ಆಗುತ್ತದೆ. ‘ಎಂಟೂವರೆಯ ನಂತರ ಹೊಸ ಮ್ಯಾಚ್ ಇಲ್ಲ’ ಎಂದರೆ ಉಳಿಯುತ್ತದೆ. ಒಂದು ಮ್ಯಾಚ್ ಎಷ್ಟು ಹೊತ್ತು ಎಂಬುದನ್ನು ತಂದೆ ತಾಯಿ ತಿಳಿದಿರಬೇಕು, 20 ನಿಮಿಷದ ಆಟಕ್ಕೂ 45 ನಿಮಿಷದ ಆಟಕ್ಕೂ ಒಂದೇ ನಿಯಮ ಹೊಂದದು. ನಡುವೆ ವೈಫೈ ಕಿತ್ತರೆ ಹುಡುಗನಿಗೆ ಕಾಣುವುದು ತನ್ನ ಗೀಳಲ್ಲ, ನಿಮ್ಮ ಅನ್ಯಾಯ. ನೋಟಿಫಿಕೇಶನ್‌ಗಳನ್ನು ಆಫ್ ಮಾಡುವುದು, ಕಾರ್ಡ್ ವಿವರವನ್ನು ಖಾತೆಯಿಂದ ತೆಗೆಯುವುದು ಹತ್ತು ನಿಮಿಷದ ಕೆಲಸ, ಪರಿಣಾಮ ಅದಕ್ಕಿಂತ ದೊಡ್ಡದು.

ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಎರಡನೇ ವಾರದಲ್ಲಿ. ಆಟ ಕಡಿಮೆಯಾದಾಗ ಸಿಡುಕು, ಚಡಪಡಿಕೆ, ಬೇಸರ ಬರುತ್ತವೆ. ಎರಡು ಸಲ ಇಲ್ಲವೆಂದು, ಮೂರನೇ ಸಲ ಕಿರುಚಾಟಕ್ಕೆ ಸೋತು ಫೋನ್ ಕೊಟ್ಟರೆ, ಯಾವಾಗ ಸಿಗುತ್ತದೆಂದು ಹೇಳಲಾಗದ ಬಹುಮಾನವನ್ನು ಲೂಟ್ ಬಾಕ್ಸ್‌ನ ಬದಲು ನೀವೇ ಕೊಟ್ಟಂತಾಯಿತು. ಪಾಲಿಸಲಾಗದ ಕಠಿಣ ನಿಯಮಕ್ಕಿಂತ ಪಾಲಿಸಬಲ್ಲ ಸಡಿಲ ನಿಯಮ ವಾಸಿ. ತೆರವಾದ ಹೊತ್ತಿಗೆ ಏನೂ ಇಲ್ಲದಿದ್ದರೆ ಆಟವೇ ವಾಪಸ್ ಬರುತ್ತದೆ. ‘ಓದು’ ಎನ್ನುವುದು ಬದಲಿಯಾಗದು, ಆಟದಲ್ಲಿ ಸಿಗುತ್ತಿದ್ದ ಗೆಳೆಯರ ಬಳಗ, ಕೈಗೆ ಬರುವ ಗೆಲುವು ಎರಡರಲ್ಲಿ ಒಂದಾದರೂ ಅದರಲ್ಲಿರಬೇಕು.

ಸರ್ಕಾರಗಳು ಹೊರಗಿನಿಂದ ಗಡಿಯಾರ ಕಟ್ಟಿದ್ದೂ ಇದೆ. ದಕ್ಷಿಣ ಕೊರಿಯಾ 2011ರಲ್ಲಿ 16ರೊಳಗಿನವರಿಗೆ ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ನಿರ್ಬಂಧಿಸಿ, ಹತ್ತು ವರ್ಷಗಳ ನಂತರ ಆ ಕಾನೂನನ್ನು ಕೈಬಿಟ್ಟಿತು. ಚೀನಾದ 2019ರ ಸಮಯಮಿತಿಯ ನಂತರ ಅತಿಯಾಗಿ ಆಡುವವರ ಪ್ರಮಾಣ ಇಳಿದದ್ದಕ್ಕೆ, ಆಟದ ಸಮಯದ ಭಾರಿ ದತ್ತಾಂಶವನ್ನು ಜಾಲಾಡಿದ 2023ರ ವಿಶ್ಲೇಷಣೆಗೆ ಪುರಾವೆ ಸಿಗಲಿಲ್ಲ.

ಮನೆಯ ಪ್ರಯತ್ನ ಆರೆಂಟು ವಾರಗಳಲ್ಲೂ ಫಲಿಸದಿದ್ದರೆ, ಶಾಲೆ ತಪ್ಪುತ್ತಿದ್ದರೆ, ಕೈ ಮಾಡುವ ಹಂತ ಬಂದಿದ್ದರೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಬೇಕು. ಸಾಯುವ ಮಾತು ಬಂದರಂತೂ ವಾರ ಎಣಿಸದೆ ಅದೇ ದಿನ ಹೋಗಬೇಕು. ಚಿಕಿತ್ಸೆಯಲ್ಲಿ ಹೆಚ್ಚು ಆಧಾರವಿರುವುದು ಅರಿವು-ವರ್ತನೆ ಚಿಕಿತ್ಸೆಗೆ, ಅಂದರೆ ಸಿಬಿಟಿಗೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಂಟರ್ನೆಟ್ ಮತ್ತು ಗೇಮಿಂಗ್ ಗೀಳಿನ 143 ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ 15 ವಾರ ಗುಂಪು ಚಿಕಿತ್ಸೆ ಮತ್ತು ಎಂಟರವರೆಗೆ ವೈಯಕ್ತಿಕ ಭೇಟಿ ಕೊಡಲಾಯಿತು. ಆ ಗುಂಪಿನಲ್ಲಿ ಶೇ 69ರಷ್ಟು ಜನ ಗೀಳಿನಿಂದ ಹೊರಬಂದರು, ಕಾಯುವ ಪಟ್ಟಿಯಲ್ಲಿದ್ದವರಲ್ಲಿ ಶೇ 24ರಷ್ಟು. ಭಾಗವಹಿಸಿದವರು 17 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರು, ಹಾಗಾಗಿ ಹದಿಮೂರರ ಮಗುವಿಗೆ ಇದೇ ಅಂಕಿ ಅನ್ವಯಿಸದು. ಚಿಕಿತ್ಸೆ ಇಲ್ಲದೆಯೂ ನಾಲ್ಕರಲ್ಲಿ ಒಬ್ಬರ ಹತ್ತಿರ ಸುಧಾರಿಸಿದ್ದನ್ನೂ ಗಮನಿಸಬೇಕು. ಮೊದಲ ಭೇಟಿಯಲ್ಲಿ ನಿದ್ದೆ, ಮನಸ್ಸಿನ ಬೇಗುದಿ, ಎಡಿಎಚ್‌ಡಿ ಲಕ್ಷಣ, ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂಬುದೆಲ್ಲ ಕೇಳುತ್ತಾರೆ. ಎರಡು ವಾರದ ದಿನಚರಿ ಜೊತೆಗೆ ಒಯ್ದರೆ ಅವರ ಅರ್ಧ ಕೆಲಸ ಆದಂತೆಯೇ. ಗೀಳನ್ನು ಗುರುತಿಸಲು ಎಂಆರ್‌ಐ ಬರೆದುಕೊಡುವ ಅಗತ್ಯ ಅವರಿಗಿಲ್ಲ. ತಲೆನೋವು, ಫಿಟ್ಸ್‌ನಂಥ ಬೇರೆ ಕಾರಣ ಇದ್ದರೆ ಮಾತ್ರ ಅದು ಬೇಕಾಗುತ್ತದೆ.